ಡೇಟಾ ಸೈನ್ಸ್ ಎಲ್ಲಿಂದ ಶುರು ಮಾಡಲಿ? ಅನುಭವ ಇರೋರು ಹೇಳಿ

ಬಿಸಿಎ ವಿದ್ಯಾರ್ಥಿನಿ, ತುಮಕೂರು:

ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಪೈಥಾನ್ ಅಷ್ಟಿಷ್ಟು ಬರುತ್ತೆ. ಡೇಟಾ ಸೈನ್ಸ್ ಕಲಿ, ಮಷೀನ್ ಲರ್ನಿಂಗ್ ಕಲಿ ಅಂತ ಎಲ್ಲರೂ ಹೇಳುತ್ತಾರೆ. ಕಾಲೇಜಿನ ಸೆಮಿನಾರಿಗೆ ಬಂದಿದ್ದ ಒಬ್ಬರು ಅದೆಲ್ಲ ಹಳೇದು, ಮಿದುಳಿನ ಥರ ಕೆಲಸ ಮಾಡುವ ಚಿಪ್ ಬಂದಿದೆ, ಮುಂದೆ ಎಲ್ಲಾ ನ್ಯೂರೋಮಾರ್ಫಿಕ್ ಅಂದರು. ಈ ಮೂರಕ್ಕೂ ಏನು ಸಂಬಂಧ? ಯಾವುದು ಮೊದಲು? ಬೆಂಗಳೂರಿನ ಒಂದು ಕೋಚಿಂಗ್‌ನವರು ಲಕ್ಷದ ಮೇಲೆ ಫೀಸ್ ಹೇಳಿದ್ದಾರೆ. ಮನೇಲಿ ಕೇಳೋಕೆ ಧೈರ್ಯ ಇಲ್ಲ.

ಕೋಲಾರದಿಂದ, ಡೇಟಾ ಕೆಲಸದಲ್ಲಿರುವವನು:

ಫೀಸಿನ ಮಾತು ಆಮೇಲೆ ಆಗಲಿ. ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಒಂದು ವಿಷಯದ ಲೆಕ್ಕ ಹಿಡಿದುಕೊಳ್ಳಿ. ಬಹಳ ಕೋರ್ಸುಗಳಲ್ಲಿ ಐರಿಸ್ ಹೂವಿನ ಡೇಟಾದಿಂದ ಶುರು ಮಾಡಿಸುತ್ತಾರೆ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಬಳಸಿದ 150 ಹೂಗಳ ಅಳತೆ ಅದು. ಕೆಟ್ಟದ್ದೇನಲ್ಲ. ಆದರೆ ಆ ಹೂವನ್ನ ನಮ್ಮ ಕಡೆ ಎಷ್ಟು ಜನ ನೋಡಿದ್ದಾರೆ? ಉತ್ತರ ತಪ್ಪಿದರೂ ತಪ್ಪಿದೆ ಅಂತ ಗೊತ್ತಾಗಲ್ಲ.

ನಾನು ನಮ್ಮೂರ ಟೊಮೆಟೊ ಹಿಡಿದೆ. ಕೃಷಿ ಮಾರಾಟ ವಾಹಿನಿ, ಅಗ್‌ಮಾರ್ಕ್‌ನೆಟ್ ಅಂತ ಸರ್ಕಾರದ ವೆಬ್‌ಸೈಟ್ ಇವೆ, ಎರಡರಲ್ಲೂ ಎಪಿಎಂಸಿ ಬೆಲೆ ಪುಕ್ಕಟೆ ಸಿಗುತ್ತೆ. ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ಕಾಲಮ್. ಮೋಡಲ್ ಅಂದರೆ ಆವತ್ತು ಜಾಸ್ತಿ ಮಾಲು ಹೋದ ಬೆಲೆ. ಸರ್ಕಾರದ ಪಟ್ಟಿ ಕ್ವಿಂಟಾಲ್ ಲೆಕ್ಕ, ನಮ್ಮ ಮಂಡಿಯ ಹರಾಜು 15 ಕೆಜಿ ಬಾಕ್ಸ್ ಲೆಕ್ಕ. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿತ್ತಲ್ಲ, ಕ್ವಿಂಟಾಲಿಗೆ ಹಾಕಿದರೆ 13,000ದ ಮೇಲಾಯಿತು. ಊರು ಗೊತ್ತಿಲ್ಲದವನು ಇದು ಟೈಪಿಂಗ್ ತಪ್ಪು ಅಂತ ಆ ಸಾಲನ್ನೇ ಅಳಿಸಿ ಹಾಕುತ್ತಾನೆ. ನಿಜವಾದ ತಪ್ಪು ಯಾವುದು, ನಿಜವಾಗಿ ಏರಿದ ಬೆಲೆ ಯಾವುದು ಅಂತ ಬೇರೆ ಮಾಡುವುದು, ರಜೆ ದಿನದ ಖಾಲಿ ಜಾಗಕ್ಕೆ ಏನು ಮಾಡಬೇಕು ಅಂತ ತೀರ್ಮಾನಿಸುವುದು, ಇದೇ ಡೇಟಾ ಸೈನ್ಸ್‌ನಲ್ಲಿ ಸಮಯ ತಿನ್ನುವ ಕೆಲಸ. ಯಾರೂ ಇದರ ವಿಡಿಯೋ ಮಾಡಲ್ಲ.

ಮಷೀನ್ ಲರ್ನಿಂಗ್ ಅದರ ಮೇಲಿನ ಹಂತ. ಆವಕ ಇಷ್ಟು, ಮಳೆ ಇಷ್ಟು ಆದರೆ ಬೆಲೆ ಇಷ್ಟು ಅಂತ ನಿಯಮವನ್ನ ನಾವು ಬರೆಯಲ್ಲ. ಹಳೇ ಲೆಕ್ಕ ಕೊಡುತ್ತೇವೆ, ನಿಯಮವನ್ನ ಪ್ರೋಗ್ರಾಮೇ ಹುಡುಕಿಕೊಳ್ಳುತ್ತೆ. ಹಾಗೆ ಕಲಿತದ್ದಕ್ಕೇ ಮಾಡೆಲ್ ಅನ್ನೋದು. ಇಲ್ಲಿ ಎರಡು ಕಡೆ ಹುಷಾರಾಗಿರಿ.

ಮೊದಲನೆಯದು, ಯಾವ ಮಾಡೆಲ್ ಕಟ್ಟುವ ಮುಂಚೆಯೂ "ನಿನ್ನೆಯ ಬೆಲೆಯೇ ಇವತ್ತಿನ ಬೆಲೆ" ಅನ್ನೋ ಸೋಮಾರಿ ಊಹೆಯನ್ನ ಅಳೆದಿಡಿ. ಎಷ್ಟೋ ದೊಡ್ಡ ದೊಡ್ಡ ಮಾಡೆಲ್‌ಗಳು ಇದರ ಮುಂದೆ ಮುಗ್ಗರಿಸುತ್ತವೆ.

ಎರಡನೆಯದು, ಪರೀಕ್ಷೆಗೆ ಅಂತ ತೆಗೆದಿಡುವ ಡೇಟಾ. ಸುಮ್ನೆ ಕಲಸಿ ಇಪ್ಪತ್ತು ಪರ್ಸೆಂಟ್ ಎತ್ತಿಟ್ಟರೆ ಸೋಮವಾರ, ಬುಧವಾರದ ಬೆಲೆ ಕಲಿಕೆಗೆ ಹೋಗಿರುತ್ತೆ, ಮಂಗಳವಾರದ್ದು ಪರೀಕ್ಷೆಗೆ ಬರುತ್ತೆ. ಉತ್ತರ ಪಕ್ಕದಲ್ಲೇ ಇದ್ದ ಹಾಗಾಯಿತು, ಅಂಕ ಬರದೇ ಇರುತ್ತಾ? 2022ರ ತನಕ ಕಲಿಸಿ, 2023ರ ಮೇಲೆ ಪರೀಕ್ಷೆ ಮಾಡಿ. ಆಗ ನೋಡಿ ಮಜಾ. ರ‍್ಯಾಂಡಮ್ ಫಾರೆಸ್ಟ್ (ಹೌದು-ಅಲ್ಲ ಪ್ರಶ್ನೆಗಳ ಎಷ್ಟೋ ಮರಗಳನ್ನ ಸೇರಿಸಿ ಉತ್ತರ ಹೇಳುವ ಮಾಡೆಲ್) ಬಳಸಿದರೆ ಆ ಜುಲೈ ಅದಕ್ಕೆ ಸಿಕ್ಕುವುದೇ ಇಲ್ಲ. ಅದು ಕಲಿತ ಬೆಲೆಗಳ ಸರಾಸರಿ ಹೇಳುತ್ತೆ, ಹಾಗಾಗಿ ಕಲಿತದ್ದರಲ್ಲಿ ಇದ್ದ ಗರಿಷ್ಠ ಬೆಲೆಗಿಂತ ಮೇಲೆ ಹೋಗೋಕೆ ಅದಕ್ಕೆ ಬರಲ್ಲ. ಇದನ್ನ ಒಂದು ಸಲ ಕಣ್ಣಾರೆ ಕಂಡವರಿಗೆ ಇಂಟರ್‌ವ್ಯೂನಲ್ಲಿ ಮಾಡೆಲ್ ಎಲ್ಲಿ ಸೋಲುತ್ತೆ ಅಂತ ಕೇಳಿದರೂ ಹೆದರಿಕೆ ಇರಲ್ಲ.

ಶಿಡ್ಲಘಟ್ಟ, ರೇಷ್ಮೆ ಮನೆಯವಳು:

ಮೇಲಿನ ಅಣ್ಣ ಹೇಳಿದ್ದು ಬೆಲೆ ಊಹಿಸುವ ಲೆಕ್ಕ. ನಾನು ವಿಂಗಡಿಸುವ ಲೆಕ್ಕ ಹೇಳುತ್ತೇನೆ. ಎಂಎಸ್ಸಿ ಪ್ರಾಜೆಕ್ಟಿಗೆ ನಮ್ಮ ಹುಳು ಮನೆಯ ಫೋಟೋಗಳಲ್ಲಿ ಹಾಲುತೊಂಡೆ ರೋಗ ಬಂದ ರೇಷ್ಮೆ ಹುಳ ಹುಡುಕಿಸುವ ಕೆಲಸ ತಗೊಂಡಿದ್ದೆ. ರೋಗದ ಹುಳಕ್ಕೆ ಗೆಣ್ಣು ಗೆಣ್ಣಿನ ಮಧ್ಯೆ ಊದಿಕೊಂಡಿರುತ್ತೆ, ಚರ್ಮ ಮಿರಮಿರ ಅನ್ನುತ್ತೆ, ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುತ್ತುತ್ತಾ ಇರುತ್ತೆ. ನಮ್ಮಮ್ಮ ದೂರದಿಂದಲೇ ಹೇಳಿಬಿಡುತ್ತಾರೆ.

ಸಾವಿರ ಫೋಟೋದಲ್ಲಿ ರೋಗದ್ದು 30 ಅಂದುಕೊಳ್ಳಿ. ಎಲ್ಲಾ ಚೆನ್ನಾಗಿವೆ ಅಂತ ಕಣ್ಣು ಮುಚ್ಚಿ ಹೇಳುವ ಪ್ರೋಗ್ರಾಮಿಗೂ 97 ಪರ್ಸೆಂಟ್ ಅಕ್ಯುರೆಸಿ! ಅದನ್ನ ಕಟ್ಟಿಕೊಂಡು ಏನು ಮಾಡೋಣ? ಒಂದು ಹುಳ ತಪ್ಪಿಸಿಕೊಂಡರೆ ಅದರ ಮೈಯಿಂದ ಸೋರುವ ಹಾಲಿನಂಥ ರಸದಿಂದ ಪಕ್ಕದವಕ್ಕೂ ಹತ್ತುತ್ತೆ. ಅದಕ್ಕೇ ನಾವು ನೋಡಬೇಕಾದ್ದು ರೀಕಾಲ್. ಅಂದರೆ ಆ 30ರಲ್ಲಿ ಎಷ್ಟು ಸಿಕ್ಕವು ಅಂತ. ಚೆನ್ನಾಗಿರೋ ಹುಳವನ್ನ ರೋಗ ಅಂದರೆ ಒಂದು ಹುಳ ಹೋಯಿತು, ಅಷ್ಟೇ. ಯಾವ ತಪ್ಪು ದುಬಾರಿ ಅಂತ ಪ್ರೋಗ್ರಾಮ್ ಹೇಳಲ್ಲ, ಸಾಕಿದವರನ್ನೇ ಕೇಳಬೇಕು.

ಇನ್ನೊಂದು: ರೋಗದ ಹುಳಗಳ ಫೋಟೋ ಎಲ್ಲಾ ಬಿಸಿಲಲ್ಲಿ, ಉಳಿದವು ಒಳಗಿನ ಬೆಳಕಲ್ಲಿ ತೆಗೆದರೆ ಮಾಡೆಲ್ ಹುಳವನ್ನ ಕಲಿಯಲ್ಲ, ಬಿಸಿಲನ್ನ ಕಲಿಯುತ್ತೆ.

ತುಮಕೂರು, ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು:

ನೋಡಮ್ಮ, ಸೆಮಿನಾರಿನವರು ನಿನ್ನನ್ನ ಸುಮ್ನೆ ಗಾಬರಿ ಮಾಡಿದ್ದಾರೆ. ಒಂದು ಬಂತು ಅಂತ ಇನ್ನೊಂದು ಹಳೇದಾಗಲ್ಲ. ನ್ಯೂರಲ್ ನೆಟ್‌ವರ್ಕ್ ಅನ್ನೋದು ಮಷೀನ್ ಲರ್ನಿಂಗ್‌ನ ಒಂದು ವಿಧಾನ, ಬರೀ ಗಣಿತ. 1943ರಲ್ಲಿ ಮೆಕ್‌ಕಲಕ್ ಮತ್ತು ಪಿಟ್ಸ್ ನರಕೋಶವನ್ನ ಲೆಕ್ಕದಲ್ಲಿ ಬರೆದರು, 1958ರಲ್ಲಿ ರೋಸೆನ್‌ಬ್ಲಾಟ್ ಪರ್ಸೆಪ್ಟ್ರಾನ್, ಅಂದರೆ ಉದಾಹರಣೆಗಳಿಂದ ಕಲಿಯುವ ಅಂಥ ನರಕೋಶದ ಮಾದರಿ, ಬಗ್ಗೆ ಬರೆದರು. ಅದರ ಮರಿಮಕ್ಕಳೇ ಇವತ್ತಿನ ಚಾಟ್‌ಬಾಟ್‌ಗಳು. ಅವು ಓಡುವುದು ಮಾತ್ರ ಮಾಮೂಲಿ ಕಂಪ್ಯೂಟರಿನಲ್ಲೇ. ಅಲ್ಲಿ ಮೆಮೊರಿ ಒಂದು ಕಡೆ, ಲೆಕ್ಕ ಮಾಡುವ ಭಾಗ ಇನ್ನೊಂದು ಕಡೆ. ಡೇಟಾ ಆ ಕಡೆಯಿಂದ ಈ ಕಡೆಗೆ ಓಡಾಡುವುದಕ್ಕೇ ಕರೆಂಟ್ ಬಹಳ ಖರ್ಚಾಗುತ್ತೆ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಅದಕ್ಕೆ ಬೇಕಾಗುವುದು ಸುಮಾರು 20 ವ್ಯಾಟ್.

ಹಾಗಾದರೆ ಚಿಪ್ಪನ್ನೇ ಮಿದುಳಿನ ಹಾಗೆ ಯಾಕೆ ಕಟ್ಟಬಾರದು ಅಂತ 1980ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕಾರ್ವರ್ ಮೀಡ್ ಹೊರಟರು. ನ್ಯೂರೋಮಾರ್ಫಿಕ್ ಅಂದರೆ ಇದೇ. ಐಬಿಎಂನ ಟ್ರೂನಾರ್ತ್ 2014ರಲ್ಲಿ ಬಂತು. ಹತ್ತು ಲಕ್ಷ ಕೃತಕ ನರಕೋಶಗಳ ಚಿಪ್ಪು, ಸುಮಾರು 70 ಮಿಲಿವ್ಯಾಟ್. 2017ರಲ್ಲಿ ಇಂಟೆಲ್‌ನ ಲೋಹಿ. ನಮ್ಮ ಐಐಎಸ್‌ಸಿಯವರೂ 2024ರಲ್ಲಿ ಅಣುಗಳ ಒಂದು ತೆಳು ಪದರದಲ್ಲಿ 16,500 ಬೇರೆಬೇರೆ ವಾಹಕತೆಯ (ಎಷ್ಟು ಕರೆಂಟ್ ಹರಿಯಲು ಬಿಡುತ್ತೆ ಅನ್ನುವುದರ) ಸ್ಥಿತಿ ತೋರಿಸಿದರು. ಮಾಮೂಲಿ ಡಿಜಿಟಲ್ ಬಿಟ್‌ಗೆ ಇರುವುದು ಎರಡೇ ಸ್ಥಿತಿ, ಅಲ್ವಾ?

ಇದನ್ನ ಚಿಪ್ಪಿಲ್ಲದೆಯೂ ಆಡಿ ನೋಡಬಹುದು. ನಲ್ಲಿ ಕೆಳಗಿಟ್ಟ ತೂತು ಬಿಂದಿಗೆ ನೆನೆಸಿಕೋ. ನೀರು ಬೀಳುತ್ತಾ ಇರುತ್ತೆ, ಸೋರುತ್ತಾನೂ ಇರುತ್ತೆ. ನರಕೋಶವೂ ಹಾಗೇ, ತುಂಬಿದಾಗ ಒಂದು ಮಿಡಿತ ಕಳಿಸುತ್ತೆ, ಅದಕ್ಕೆ ಸ್ಪೈಕ್ ಅನ್ನುತ್ತಾರೆ. ಪೈಥಾನ್‌ನಲ್ಲಿ ಒಂದು ಲೂಪ್ ಬರಿ: ಪ್ರತಿ ಹೆಜ್ಜೆಗೂ ಹಳೇ ಮೊತ್ತವನ್ನ 0.9ರಿಂದ ಗುಣಿಸು, ಹೊಸ ಇನ್‌ಪುಟ್ ಕೂಡಿಸು. 1 ದಾಟಿದರೆ ಒಂದು ಸ್ಪೈಕ್ ಬರೆದುಕೊಂಡು ಮೊತ್ತವನ್ನ ಸೊನ್ನೆ ಮಾಡು. ಇನ್‌ಪುಟ್ 0.2 ಕೊಟ್ಟರೆ ಏಳನೇ ಹೆಜ್ಜೆಗೆ ಸ್ಪೈಕ್ ಬರುತ್ತೆ. 0.05 ಕೊಟ್ಟರೆ ರಾತ್ರಿಯಿಡೀ ಓಡಿಸಿದರೂ ಬರಲ್ಲ, ಮೊತ್ತ 0.5ರ ಹತ್ತಿರ ನಿಂತುಬಿಡುತ್ತೆ. ಎಷ್ಟು ಕೊಟ್ಟರೆ ಶುರುವಾಗುತ್ತೆ ಅಂತ ನೀನೇ ಹುಡುಕು. ಸ್ಪೈಕಿಂಗ್ ನೆಟ್‌ವರ್ಕಿನ ಬೀಜ ಇದೇ. ಸ್ಪೈಕ್ ಇಲ್ಲದಾಗ ಸುಮ್ಮನಿರುತ್ತೆ, ಅದಕ್ಕೇ ಕರೆಂಟ್ ಉಳಿತಾಯ.

ಕೆಲಸದ ದೃಷ್ಟಿಯಿಂದ ಹೇಳೋದಾದರೆ, ನ್ಯೂರೋಮಾರ್ಫಿಕ್ ಇನ್ನೂ ಹೆಚ್ಚಾಗಿ ಸಂಶೋಧನೆಯ ಕಡೆಯದು. ಎಂಟೆಕ್, ಪಿಎಚ್‌ಡಿ ಮನಸ್ಸಿದ್ದರೆ ಅದನ್ನ ಹಿಡಿ.

ಚಿಂತಾಮಣಿಯಿಂದ:

ಫೀಸ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಅಂಥದ್ದೇ ಒಂದು ಕಡೆ ದುಡ್ಡು ಕಟ್ಟಿದೆ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದಿದ್ದರು, ಕೊನೆಗೆ ಕೊಟ್ಟಿದ್ದು ಒಂದು ವಾಟ್ಸ್ಆಪ್ ಗ್ರೂಪ್. ಐಐಟಿ, ಐಐಎಸ್‌ಸಿಯವರ ಎನ್‌ಪಿಟೆಲ್ ಆನ್‌ಲೈನ್ ಪಾಠಗಳು ಪುಕ್ಕಟೆ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ದುಡ್ಡು. ಲ್ಯಾಪ್‌ಟಾಪ್ ಡಬ್ಬಾ ಆಗಿದ್ದರೂ ಪ್ರೋಗ್ರಾಮ್ ಗೂಗಲ್ ಕೋಲ್ಯಾಬ್‌ನಲ್ಲಿ, ಅಂದರೆ ಗೂಗಲ್‌ನವರ ಕಂಪ್ಯೂಟರಿನಲ್ಲಿ, ಬ್ರೌಸರ್‌ನಿಂದಲೇ ಓಡುತ್ತೆ. ಡೇಟಾಬೇಸ್‌ನಿಂದ ಲೆಕ್ಕ ತೆಗೆಯುವ ಭಾಷೆ ಎಸ್‌ಕ್ಯುಎಲ್ ಮಾತ್ರ ಮರೀಬೇಡಿ, ನನಗೆ ಇಂಟರ್‌ವ್ಯೂನಲ್ಲಿ ಜಾಸ್ತಿ ಕೇಳಿದ್ದೇ ಅದು.

ಬಿಸಿಎ ವಿದ್ಯಾರ್ಥಿನಿ, ತುಮಕೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, 0.1 ಕೊಟ್ಟು ನೋಡಿದೆ, 1ರ ಹತ್ತಿರ ಹೋಗುತ್ತೆ, ದಾಟಲ್ಲ. 0.11ಕ್ಕೆ ಸ್ಪೈಕ್ ಬಂತು! ಕೋಲಾರದ ಅಣ್ಣಾ, ನಮ್ಮದು ತಿಪಟೂರು ಕಡೆ. ಟೊಮೆಟೊ ಬದಲು ಕೊಬ್ಬರಿ ಬೆಲೆ ತಗೋಬಹುದಾ?

ಕೋಲಾರದಿಂದ:

ಧಾರಾಳವಾಗಿ. ಆದರೆ ಅಲ್ಲಿ ದಿನಾ ಹರಾಜು ನಡೆಯಲ್ಲ. ಹರಾಜಿಲ್ಲದ ದಿನಕ್ಕೆ ಸೊನ್ನೆ ತುಂಬಬೇಡಿ, ಆ ಸಾಲು ಬಿಟ್ಟುಬಿಡಿ. ನಿಮ್ಮ ಸೋಮಾರಿ ಊಹೆ "ಹಿಂದಿನ ಹರಾಜಿನ ಬೆಲೆ" ಅಂತಾಗುತ್ತೆ. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿ ನಡೆದ ದಿನಗಳನ್ನ ಇನ್ನೊಂದು ಕಾಲಮ್‌ನಲ್ಲಿ ಗುರುತು ಹಾಕಿಡಿ, ಬೆಂಬಲ ಬೆಲೆ ಇರುವಾಗ ಮಾರುಕಟ್ಟೆ ನಡೆಯುವ ರೀತಿಯೇ ಬೇರೆ. ಫೈಲ್ ರೆಡಿ ಆದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ.