ಕೇಪಳದ ಚಿಗುರು ಹಳದಿ, ಹೂವಂತೂ ಇಲ್ಲವೇ ಇಲ್ಲ. ಏನು ಮಾಡಲಿ?

ಅರೆಬಿಸಿಲು (ಪ್ರಶ್ನೆ):
ಎರಡು ವರ್ಷದ ಹಿಂದೆ ಕಾಂಪೌಂಡ್ ಗೋಡೆಗೆ ಒತ್ತಿದ ಹಾಗೆ ಮೂರು ಕೇಪಳ (ಇಕ್ಸೋರಾ) ನೆಟ್ಟೆ. ಜಾಗ ಸಾಲದೆ ಉಳಿದ ಒಂದನ್ನು ಗೋಡೆಯಿಂದ ಒಂದು ಮಾರು ಆಚೆ ಇಟ್ಟೆ. ನನಗೆ ಗಿಡಗಳಿಗೆ ಸಿಗುವುದು ವಾರಕ್ಕೆ ಒಂದೇ ಗಂಟೆ. "ಕೇಪಳ ನೆಡಿ, ಮರೆತುಬಿಡಿ" ಅಂತ ಯಾರೋ ಅಂದಿದ್ದಕ್ಕೇ ಇದನ್ನು ಆರಿಸಿದ್ದು.

ಈಗ ಗೋಡೆ ಪಕ್ಕದ ಮೂರೂ ಗಿಡಗಳ ಚಿಗುರೆಲೆ ಹಳದಿ. ನರ ಮಾತ್ರ ಹಸಿರು, ಬಲೆ ಹೆಣೆದ ಹಾಗೆ ಕಾಣುತ್ತದೆ. ಕೆಳಗಿನ ಹಳೆ ಎಲೆ ಚೆನ್ನಾಗಿಯೇ ಇದೆ. ಸಗಣಿ ಗೊಬ್ಬರ ಕೊಟ್ಟೆ, ಯೂರಿಯಾ ಕೊಟ್ಟೆ, ಜಗ್ಗಲಿಲ್ಲ. ಬೇಲಿ ನೀಟಾಗಿರಲಿ ಅಂತ ತಿಂಗಳಿಗೊಮ್ಮೆ ಕತ್ತರಿ ಆಡಿಸುತ್ತೇನೆ. ನೀರು ಬೋರ್‌ವೆಲ್‌ದು. ಆಚೆ ಇರುವ ಒಂಟಿ ಗಿಡ ಮಾತ್ರ ಹಸಿರಾಗಿದೆ. ಅದರಲ್ಲೂ ಹೂವಿಲ್ಲ.

ಮಣ್ಣಂಟಿದ ಕೈ:
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಗೋಡೆ!

ನಾನೂ ಇದೇ ತಪ್ಪು ಮಾಡಿದವನು. ಗೋಡೆ ಕಟ್ಟುವಾಗ ಬಿದ್ದ ಸಿಮೆಂಟು, ಗಾರೆ ಎಲ್ಲ ಬುಡದ ಮಣ್ಣಲ್ಲೇ ಉಳಿದಿರುತ್ತದೆ. ಅದರ ಸುಣ್ಣ ಮೆಲ್ಲಗೆ ಮಣ್ಣಿಗಿಳಿಯುತ್ತದೆ. ಕೇಪಳ ದಕ್ಷಿಣ ಭಾರತ, ಶ್ರೀಲಂಕಾದ ಕಡೆಯ ಗಿಡ. ಜೋರು ಮಳೆ ಸುಣ್ಣವನ್ನೆಲ್ಲ ತೊಳೆದುಬಿಟ್ಟ ಮುರಕಲ್ಲಿನ ಕೆಂಪು ಮಣ್ಣಲ್ಲಿ ಆರಾಮಾಗಿ ಬೆಳೆಯುತ್ತದೆ. ಅದಕ್ಕೆ ಹುಳಿ (ಆಮ್ಲೀಯ) ಮಣ್ಣು ಬೇಕು. ಸುಣ್ಣದ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಸಾರಜನಕ ಕಮ್ಮಿಯಾದರೆ ಮೊದಲು ಹಳದಿಯಾಗುವುದು ಹಳೆ ಎಲೆ, ಕಬ್ಬಿಣ ಕಮ್ಮಿಯಾದರೆ ಚಿಗುರು. ಹಾಗಾಗಿ ಸಾರಜನಕ ಕೊಡುವ ನಿಮ್ಮ ಯೂರಿಯಾ ಸುಮ್ನೆ ದಂಡ. ಗಡಸು ನೀರಾಗಿದ್ದರೆ ಬೋರ್‌ವೆಲ್ ಕೂಡ ದಿನಾ ಒಂದಿಷ್ಟು ಸುಣ್ಣ ಸೇರಿಸುತ್ತಿರುತ್ತದೆ.

ಸದ್ಯಕ್ಕೆ ಕೀಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಪ್ಯಾಕೆಟ್ ಮೇಲೆ ಹೇಳಿದಷ್ಟೇ ಕಲಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹೊಸ ಚಿಗುರು ಹಸಿರಾಗಿ ಬಂದರೆ ಕಾಯಿಲೆ ಅದೇ ಅಂತ ಖಾತ್ರಿ. ಆದರೆ ಇದು ತಾತ್ಕಾಲಿಕ. ಮಳೆ ಹಿಡಿದ ಮೇಲೆ ಮೂರನ್ನೂ ಬೇರಿನ ಮಣ್ಣಿನುಂಡೆ ಸಮೇತ ಎತ್ತಿ, ಒಂಟಿ ಗಿಡದ ಸಾಲಿಗೆ ತನ್ನಿ. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ಮಳೆ ನೀರು ಹಿಡಿದಿಡಲು ಆದರೆ ಅದನ್ನೇ ಹಾಕಿ. ಬೇರು ಹಿಡಿಯುವ ತನಕ ನೀರು ತಪ್ಪಿಸಬೇಡಿ. ಮರೆತುಬಿಡುವುದೆಲ್ಲ ಆಮೇಲೆ.

ಕತ್ತರಿಪ್ರಿಯೆ:
ಹೂವಿನ ಕಥೆ ಬೇರೆ. ಕೇಪಳ ಹೂ ಬಿಡುವುದು ರೆಂಬೆಯ ತುದಿಯಲ್ಲಿ. ನೀವು ತಿಂಗಳು ತಿಂಗಳೂ ತುದಿ ಕತ್ತರಿಸಿದರೆ ಮೊಗ್ಗು ಎಲ್ಲಿಂದ ಬರಬೇಕು ಹೇಳಿ?

ಒಂದು ರೆಂಬೆಯ ತುದಿ ಹತ್ತಿರದಿಂದ ನೋಡಿ. ಕೊನೆಯ ಜೋಡಿ ಎಲೆಯ ನಡುವೆ ಜೋಳದ ಕಾಳಿಗಿಂತ ಚಿಕ್ಕ ಗಂಟು ಕಾಣಬಹುದು. ಅದು ಬಿಡಿಸಿಕೊಂಡು, ಬೆಂಕಿಕಡ್ಡಿ ಕಟ್ಟು ನಿಲ್ಲಿಸಿದ ಹಾಗೆ ಮೊಗ್ಗಿನ ಗೊಂಚಲಾಗುತ್ತದೆ. ಒಂದು ಸುತ್ತು ಹೂ ಮುಗಿದು ಬಾಡಿದ ಮೇಲೆ ಕತ್ತರಿ ಹಿಡಿಯಿರಿ, ಅದೂ ಎಲೆಜೋಡಿಯ ಮೇಲೆ. ಆಗ ಒಂದು ತುದಿ ಇದ್ದಲ್ಲಿ ಎರಡು ಬರುತ್ತವೆ. ಇಸ್ತ್ರಿ ಮಾಡಿದ ಬೇಲಿಯ ಆಸೆ ಬಿಡಿ, ಈ ಗಿಡಕ್ಕೆ ಸ್ವಲ್ಪ ಕೆದರಿದ ತಲೆಯೇ ಚಂದ. ಅರ್ಧ ದಿನವಾದರೂ ನೇರ ಬಿಸಿಲು ಬೀಳುತ್ತದೆ ಅಲ್ವಾ? ನಿಮ್ಮ ಹೆಸರು ನೋಡಿ ಅನುಮಾನ!

ಇರುವೆಸಾಲು:
ಗಿಡದ ಮೇಲೆ ಇರುವೆ ಓಡಾಡುತ್ತಿದ್ದರೆ ಎಲೆ ತಿರುಗಿಸಿ ನೋಡಿ. ರಸ ಹೀರುವ ಶಲ್ಕ ಕೀಟವೋ (ಚಿಪ್ಪಿನ ಹಾಗೆ ಅಂಟಿಕೊಂಡಿರುವುದು) ಹಿಟ್ಟು ತಿಗಣೆಯೋ (ಬಿಳಿ ಹಿಟ್ಟು ಮೆತ್ತಿದ ಹಾಗಿರುವುದು) ಕೂತಿರಬಹುದು. ಜೋರಾಗಿ ನೀರು ಹೊಡೆದರೆ ಹಿಟ್ಟು ತಿಗಣೆ ಉದುರುತ್ತದೆ. ಅಂಟಿಕೊಂಡಿರುವ ಶಲ್ಕ ಕೀಟವನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಕೆರೆಯಬೇಕು. ವಿಷ ಹೊಡೆಯಬೇಡಿ, ಚಿಟ್ಟೆಗಳು ಬರುವುದೇ ಈ ಹೂವಿನ ಉದ್ದ ಕೊಳವೆಯ ಜೇನಿಗೆ.

ಅರೆಬಿಸಿಲು:
ಇವತ್ತು ಬೆಳಗ್ಗೆ ಗೋಡೆ ಬುಡ ಗೇಣುದ್ದ ಅಗೆದೆ. ಮೊದಲ ಗುದ್ದಲಿಗೇ ಠಣ್ ಅಂತು. ಬುಟ್ಟಿ ತುಂಬ ಗಾರೆ ಹೆಂಟೆ ಸಿಕ್ಕಿದೆ, ಇನ್ನೂ ಇದೆ. ಹೆಸರು ನನ್ನದಷ್ಟೇ, ಗಿಡಕ್ಕೆ ಮಧ್ಯಾಹ್ನದವರೆಗೆ ಪೂರ್ತಿ ಬಿಸಿಲು. ಕತ್ತರಿಯನ್ನು ಅಟ್ಟಕ್ಕೆ ಹಾಕಿದ್ದೇನೆ. ಒಂಟಿ ಗಿಡದ ತುದಿಯಲ್ಲಿ ನೀವು ಹೇಳಿದ ಗಂಟು ಹುಡುಕಿದೆ. ಎರಡು ಕಂಡವು. ಹೋದ ಭಾನುವಾರ ಕತ್ತರಿಗೆ ಸಿಗದೆ ಒಳಗೆ ಅಡಗಿದ್ದ ರೆಂಬೆಗಳವು.