ಶಾಸನದಾಗಿನ ಊರು ಇವತ್ತಿನ ಯಾವ ಊರು?

ಪ್ರಶ್ನೆ
ಹಳೇ ಬರಹದಾಗ ಬರೇ 'ಬಾಗೇವಾಡಿ' ಅಂತಿದ್ರ ಯಾವುದು ಅಂತ ಹಿಡೀಬೇಕ್ರಿ? ಹಿರೇಬಾಗೇವಾಡಿ ಬೆಳಗಾವಿ ತಾಲೂಕಿನಾಗ, ಚಿಕ್ಕಬಾಗೇವಾಡಿ ಬೈಲಹೊಂಗಲದಾಗ, ಬಸವನ ಬಾಗೇವಾಡಿ ವಿಜಯಪುರ ಜಿಲ್ಲೆಯಾಗ. ಹೆಸರೇ ಬದಲಾದ ಊರುಗಳನ್ನ ಹುಡುಕೂದು ಹೆಂಗ?

ಉತ್ತರ
ಮೊದಲು ನಾಡು ನೋಡ್ರಿ, ಆಮೇಲೆ ಊರು. ನಾಡು ಅಂದರೆ ಆಗಿನ ಆಡಳಿತ ವಿಭಾಗ, ಶಾಸನದಲ್ಲಿ ಅದರ ಹೆಸರಿನ ಜೊತೆ ಒಂದು ಅಂಕಿ ಇರುತ್ತದೆ. ಕೂಂಡಿ-3000 ಅಂದರೆ ಬೆಳಗಾವಿ ಕಡೆ, ತರ್ದವಾಡಿ-1000 ವಿಜಯಪುರದ ಕಡೆ, ಕಿಸುಕಾಡು-70 ಪಟ್ಟದಕಲ್ಲಿನ ಸುತ್ತ. ಅಷ್ಟಕ್ಕೇ ಅರ್ಧ ಗೊಂದಲ ಹೋಗುತ್ತದೆ. ಉಳಿದದ್ದನ್ನು ಶಾಸನದಲ್ಲಿ ಬರೆದ ದಾನದ ಭೂಮಿಯ ಎಲ್ಲೆ ಹೇಳುತ್ತದೆ: ಮೂಡಲು, ತೆಂಕಲು, ಪಡುವಲು, ಬಡಗಲು ಯಾವ ಹಳ್ಳ, ಯಾವ ನೆರೆಯೂರು ಎಂದು. ಎರಡು ನೆರೆಯೂರಾದರೂ ನಕಾಶೆಯಲ್ಲಿ ಕೂಡದಿದ್ದರೆ ಗುರುತು ಗಟ್ಟಿಯಲ್ಲ.

ಇನ್ನೊಂದು ಉತ್ತರ
ಅದಕ್ಕೆ ಧ್ವನಿಯನ್ನೂ ಸೇರಿಸಿರಿ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರ ಈಗ ಹಕಾರ, ಆದ್ದರಿಂದ ಪಲಾಶಿಕಾ ಖಾನಾಪುರ ತಾಲೂಕಿನ ಹಲಸಿ. ಸಮಾಸದ ನಡುವೆ ಅದೇ ಪಕಾರ ವಕಾರ ಆಗುತ್ತದೆ: ಕಿಸು (ಕೆಂಪು) + ಪೊಳಲ್ (ಪಟ್ಟಣ) = ಕಿಸುವೊಳಲ್, ಅಂದರೆ ಪಟ್ಟದಕಲ್ಲು. ಅಲ್ಲಿನ ಕೆಂಪು ಮರಳುಗಲ್ಲು ನೋಡಿದವರಿಗೆ ಹೆಸರು ಒಪ್ಪುತ್ತದೆ. ಸುಗಂಧವರ್ತಿ ಸವದತ್ತಿಯಾಯಿತು, ವೇಣುಗ್ರಾಮ ಬೆಳಗಾವಿ. ಐಹೊಳೆಗೆ ಪರಶುರಾಮ, 'ಅಯ್ಯೋ ಹೊಳೆ' ಎಂದು ಹೇಳುವ ಕಥೆ ಚೆಂದವೇ. ಆದರೆ ಶಾಸನದಲ್ಲಿ ಇರುವುದು ಅಯ್ಯಾವೊಳೆ. ಕಥೆ ಹೆಸರಿಗಿಂತ ಈಚಿನದು, ಹೆಸರಿನ ಮೂಲಕ್ಕೆ ಅದನ್ನು ಸಾಕ್ಷಿ ಹಿಡಿಯಬಾರದು.

ಊರ ಹೆಸರಿನ ಕೊನೆಗೆ ಬರುವ ಬಿ.ಕೆ., ಕೆ.ಎಚ್. ಮೂಲ ಹೆಸರಿನ ಭಾಗವಲ್ಲ. ಕಂಗ್ರಾಳಿ ಬಿ.ಕೆ. ಅಂದರೆ ಬುದ್ರುಕ್, ದೊಡ್ಡದು, ಕೆ.ಎಚ್. ಅಂದರೆ ಖುರ್ದ್, ಸಣ್ಣದು. ನಮ್ಮ ಹಿರೇ-ಚಿಕ್ಕ ಇದ್ದಂಗ. ಹುಡುಕುವಾಗ ಇವನ್ನು ಬಿಡಿ. ಎಂ.ಕೆ. ಹುಬ್ಬಳ್ಳಿಯ ಎಂ.ಕೆ. ಮಾತ್ರ ಬೇರೆ, ಅದು ಮುಗುಟಖಾನ.

ಮತ್ತೊಂದು ಉತ್ತರ
ಊರೇ ಕಾಣದಿದ್ದರೆ ಬೇಚರಾಕ್ ಗ್ರಾಮಗಳ ಪಟ್ಟಿ ನೋಡಿ: ದೀಪವಿಲ್ಲದ, ಜನವಸತಿ ಇಲ್ಲದ ಊರು, ಆದರೆ ಸರ್ವೆ ನಂಬರು ಇನ್ನೂ ಅದೇ ಹೆಸರಿನಲ್ಲಿ. ತಾಲೂಕಿನ ಭೂಮಾಪನ ಕಚೇರಿಯ ಗ್ರಾಮ ನಕಾಶೆಯಲ್ಲಿ ಹೊಲ, ಹಳ್ಳ ಸಿಗುತ್ತವೆ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ನಕಾಶೆ ಜೊತೆಗಿರಲಿ.

ಬೀಳಗಿ, ಬಾಗಲಕೋಟೆ ಕಡೆ ಎಚ್ಚರ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಸಮುದ್ರಮಟ್ಟದಿಂದ 519.60 ಮೀಟರಿಗೆ ನಿಲ್ಲುತ್ತದೆ. ಮುಳುಗಿದ ಊರಿನ ಹೆಸರು ಪುನರ್ವಸತಿ ಕೇಂದ್ರದ ಮೇಲಿದೆ, ಜಾಗ ಬೇರೆ. ಶಾಸನದ ಕಲ್ಲೂ ಜನರ ಸಂಗಡ ಬಂದಿರಬಹುದು. ಅಂಥ ಕಡೆ ಅಣೆಕಟ್ಟಿಗಿಂತ ಹಿಂದಿನ ನಕಾಶೆಯಲ್ಲೇ ಎಲ್ಲೆ ಕೂಡಿಸಿ ನೋಡಬೇಕ್ರಿ.