ಓದುಗರ ಸ್ಪಂದನ: ಮಠದ ಜಾತ್ರೇಲಿ ಬಡಿಸಿದ್ದೂ ಎನ್ನೆಸ್ಸೆಸ್ ಲೆಕ್ಕಕ್ಕೆ ಬರುತ್ತಾ?

ಕಳೆದ ವಾರ ತಾಯಿಯೊಬ್ಬರು ಬರೆದಿದ್ರು. ಮಗಳು ತಾಲ್ಲೂಕಿನ ಒಂದು ಪುಟ್ಟ ಮಠದ ಕಾಲೇಜಲ್ಲಿ ಬಿಎ ಎರಡನೇ ವರ್ಷ. ಎನ್ನೆಸ್ಸೆಸ್ (ಕಾಲೇಜು ಮಕ್ಕಳ ರಾಷ್ಟ್ರೀಯ ಸೇವಾ ಯೋಜನೆ) ಅವರ್ಸ್ ಎಲ್ಲಾ ಮಠದ ಜಾತ್ರೇಲಿ ಬಡಿಸೋದು, ಪಾತ್ರೆ ತೊಳೆಯೋದು, ಚೇರ್ ಜೋಡಿಸೋದ್ರಲ್ಲೇ ಮುಗೀತಿದೆ, ಒಂದೂರಿಗೂ ಹೋಗಿಲ್ಲ, ಬಿಟ್ಬಿಡ್ತೀನಿ ಅಂತಾಳೆ, ಏನ್ ಮಾಡ್ಲಿ ಅಂತ.

"ಸಿದ್ಧಗಂಗೆ ದಾಸೋಹದ ಅನ್ನ ತಿಂದು ಡಿಗ್ರಿ ಮುಗಿಸಿದವನು ನಾನು. ಹಸಿದವರಿಗೆ ಬಡಿಸೋದಕ್ಕಿಂತ ದೊಡ್ಡ ಸೇವೆ ಯಾವ್ದಮ್ಮ? ಮಗಳಿಗೆ ಪಾತ್ರೆ ತೊಳೆಯೋಕೆ ನಾಚಿಕೆ ಅಂದ್ರೆ ಹಾಗೇ ಹೇಳಿ."
- ತುಮಕೂರಿನ ಓದುಗರು

ದಾಸೋಹದ ಬೆಲೆ ಬಗ್ಗೆ ಇಲ್ಲಿ ಯಾರಿಗೂ ಅನುಮಾನ ಇಲ್ಲ. ಆ ತಾಯಿ ಕೇಳಿದ್ದು ಬೇರೆ. ಮುಂದಿನ ಪತ್ರ ಉದ್ದ ಇದೆ, ಕತ್ತರಿಸೋಕೆ ಮನಸ್ಸು ಬರ್ಲಿಲ್ಲ.

"ಅಕ್ಕಾ, ನಿಮ್ ಪತ್ರ ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ನಂದು ಸಿಸ್ಟರ್ಸ್ ನಡೆಸ್ತಿದ್ದ ಕಾಲೇಜು, ಸಣ್ಣದು, ಎಲ್ಲರಿಗೂ ಎಲ್ಲರ ಹೆಸರು ಗೊತ್ತು, ಫೀಸಿಗೆ ಕಷ್ಟ ಆದಾಗ ಸಿಸ್ಟರೇ ಕಟ್ಟಿದ್ರು, ಹಾಗಾಗಿ ಬೈಯೋಕೆ ಬರೀತಿಲ್ಲ. ಎರಡು ವರ್ಷದ 240 ಅವರ್ಸಲ್ಲಿ ನಾವು ಚರ್ಚ್ ಹಬ್ಬಕ್ಕೆ ತೋರಣ ಕಟ್ಟಿದ್ವಿ, ಗ್ರೌಂಡಲ್ಲಿ ಹುಲ್ಲು ಕಿತ್ವಿ, ಸ್ಟೇಜಿಗೆ ಬಣ್ಣ ಹೊಡೆದ್ವಿ. ಕಾಂಪೌಂಡಿನ ಹಿಂದೇನೇ ಒಂದು ಕಾಲೋನಿ, ಮೂವತ್ತು ಮನೆಗೆ ಒಂದೇ ನಲ್ಲಿ, ಬಚ್ಚಲ ನೀರೆಲ್ಲ ದಾರಿ ಮೇಲೆ. ಆ ಮೂವತ್ತರಲ್ಲಿ ಒಂದು ನಮ್ಮನೆ. ಎದೆ ಮೇಲೆ ಎನ್ನೆಸ್ಸೆಸ್ಸಿನ ಕೋನಾರ್ಕ್ ಚಕ್ರದ ಬ್ಯಾಡ್ಜ್ ಹಾಕ್ಕೊಂಡು ಸುತ್ತು ಬಳಸಿ ಮನೆಗೆ ಹೋಗ್ತಿದ್ದೆ, ಯಾರೂ ನೋಡ್ಬಾರ್ದು ಅಂತ. ಎರಡನೇ ವರ್ಷ ಸಿಸ್ಟರ್ ಕೇಳಿದ್ರು, ಕೆಲಸ ಮಾಡೋಕೆ ಹತ್ರದಲ್ಲಿ ಯಾವ್ದಾದ್ರೂ ಜಾಗ ಇದ್ಯಾ ಅಂತ. ನಾನು ಬಾಯಿ ಬಿಡ್ಲಿಲ್ಲ. ನಾಲ್ಕು ಇಂಗುಗುಂಡಿ ತೋಡಿದ್ರೆ ಸಾಕಿತ್ತು, ಹುಡುಗೀರೆಲ್ಲ ಸೇರಿ ಒಂದ್ ವಾರದಲ್ಲಿ ಮುಗಿಸ್ತಿದ್ವಿ. ಆ ಮಳೆಗಾಲ ಅಮ್ಮ ಅದೇ ಕೆಸರಲ್ಲಿ ಜಾರಿ ಸೊಂಟ ಮುರ್ಕೊಂಡ್ಳು, ಇವತ್ತಿಗೂ ನೆಟ್ಟಗೆ ನಡೆಯೋಕಾಗಲ್ಲ. ಸರ್ಟಿಫಿಕೇಟ್ ಟ್ರಂಕಲ್ಲಿದೆ, ತೆಗೆದು ನೋಡಿಲ್ಲ. ಮಗಳಿಗೆ ಬಿಡ್ಬೇಡ ಅನ್ನಿ ಅಕ್ಕಾ. ಹೋಗಿ ಸರ್ ಹತ್ರ ಒಂದು ಬೀದಿ ಹೆಸರು ಹೇಳ್ಲಿ."
- ಕರಾವಳಿಯ ಓದುಗಿ

ನಿವೃತ್ತ ಮೇಷ್ಟ್ರೊಬ್ಬರು ಇನ್ನೊಂದು ಕಡೆಯಿಂದ ನೋಡಿದ್ದಾರೆ.

"ಹದಿನೆಂಟು ವರ್ಷ ಎನ್ನೆಸ್ಸೆಸ್ ನೋಡ್ಕೊಳ್ಳೋ ಪ್ರೋಗ್ರಾಂ ಆಫೀಸರ್ ಆಗಿದ್ದೆ. 1969ರ ಸೆಪ್ಟೆಂಬರ್ 24ಕ್ಕೆ, ಗಾಂಧಿ ಶತಮಾನೋತ್ಸವದ ವರ್ಷ ಶುರುವಾದ ಯೋಜನೆ, ಸರ್ಕಾರದ್ದು, ಯಾವ ಮಠದ್ದೂ ಅಲ್ಲ. ವರ್ಷಕ್ಕೆ 120 ಗಂಟೆ, ಜೊತೆಗೆ ದತ್ತು ತಗೊಂಡ ಊರಲ್ಲಿ ಏಳು ದಿನದ ಕ್ಯಾಂಪ್. ಆದ್ರೆ ಸಣ್ಣ ಕಾಲೇಜಲ್ಲಿ ಪಾಠ ಮಾಡೋನೂ ನಾನೇ, ಕ್ಯಾಂಪಿಗೆ ಅಕ್ಕಿ ಹೊಂದಿಸೋನೂ ನಾನೇ, ವ್ಯಾನ್ ಮಾಡೋಕೆ ದುಡ್ಡಿರ್ತಿರ್ಲಿಲ್ಲ, ಜಾತ್ರೆ ಕಾಲೇಜಿನ ಬಾಗಿಲಲ್ಲೇ ನಡೀತಿತ್ತು. ತಪ್ಪೇ, ಒಪ್ತೀನಿ. ಮಕ್ಕಳು ಬರವಣಿಗೇಲಿ ಕೇಳಿದ್ರೆ ಆಡಳಿತ ಮಂಡಳಿ ಮುಂದೆ ಇಡೋಕೆ ನಮ್ಮಂಥವರ ಕೈಗೂ ಒಂದು ಕಾಗದ ಸಿಗುತ್ತೆ."

"ಅದೆಲ್ಲ ಸರಿ, ಕ್ಯಾಂಪ್ ಅಂತ ಊರ ಶಾಲೇಲಿ ಮಲಗಿಸ್ತಾರಲ್ಲ, ಹೆಣ್ಮಕ್ಳಿಗೆ ಟಾಯ್ಲೆಟ್ ಇರುತ್ತಾ? ನನ್ ಮಗಳನ್ನ ಅದಕ್ಕೇ ಕಳಿಸ್ಲಿಲ್ಲ."
- ಒಬ್ಬ ತಂದೆ

ಊರು ಗೊತ್ತು ಮಾಡೋಕೆ ಮುಂಚೆನೇ ಕಾಲೇಜಿನವರು ಇದನ್ನ ನೋಡ್ಬೇಕು. ಕರಾವಳಿಯ ಓದುಗಿಯ ಪತ್ರಾನ, ಅವರ ಒಪ್ಪಿಗೆ ತಗೊಂಡು, ಆ ತಾಯಿಗೆ ಅಂಚೆಯಲ್ಲಿ ಕಳಿಸಿದ್ದೀವಿ.